ವಿರಾಮಪ್ಪ ಕಂಡ ಉತ್ತರಾರ್ಧ

ಕತ್ತಲೆಯ ಗೋಡೆಯ ಮೇಲೆ ಬೆಳಕನ್ನು ಚೆಲ್ಲಿ, ಆ ಬೆಳಕಿನಲ್ಲಿ ನಮ್ಮನ್ನು ಕುಣಿಸಿ, ನಗಿಸಿ, ಅಳಿಸಿ, ಹೊತ್ತು ಬಂದಾಗ ದೀಪವನ್ನು ತಾನೇ ಹಿಂದಕ್ಕೆ ಪಡೆಯುವ ಆ ಪರಮ ಸೂತ್ರಧಾರನಿಗೆ ಮೊದಲ ನಮಸ್ಕಾರ. ಸಕಲ ಕಥೆಗಳ ಉತ್ತರಾರ್ಧವನ್ನು ಬಲ್ಲವನು ಅವನೊಬ್ಬನೇ. ಪೂರ್ವಾರ್ಧವನ್ನಷ್ಟೇ ಕಂಡು ಎಲ್ಲವನ್ನೂ ಕಂಡೆವೆಂದು ಬೀಗುವ ನಮ್ಮಂಥವರ ಮೇಲೆ ಅವನ ಕರುಣೆ ಇರಲಿ. ಈ ಕಥೆಯನ್ನು ನಗುತ್ತ ಕೇಳಲು ಕುಳಿತವರ ಕಣ್ಣನ್ನು ಕೊನೆಯಲ್ಲಿ ಅವನೇ ಒರೆಸಲಿ.

ಶಾಸ್ತ್ರಗ್ರಂಥಗಳನ್ನು ಓದಿದವರಿಗೆ ಒಂದು ಅಪಾಯ ಗೊತ್ತು. ಹಿಂದಿನ ಆಚಾರ್ಯರು ಯಾವ ವಿಷಯವನ್ನು ಹೇಳುವಾಗಲೂ ಮೊದಲು ಎದುರಾಳಿಯ ವಾದವನ್ನು, ಅದು ತಮ್ಮದೇ ಎನ್ನಿಸುವಷ್ಟು ಸೊಗಸಾಗಿ, ಮಂಡಿಸುತ್ತಾರೆ. ಅದು ಪೂರ್ವಪಕ್ಷ. ಬಳಿಕ ಅದನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಸಿದ್ಧಾಂತವನ್ನು ಹೇಳುತ್ತಾರೆ. ಪೂರ್ವಪಕ್ಷ ಮುಗಿಯುತ್ತಿದ್ದಂತೆ ಎದ್ದು ಮನೆಗೆ ಹೋದ ಶಿಷ್ಯನು ಜನ್ಮವಿಡೀ ಎದುರಾಳಿಯ ಮತವನ್ನೇ ಗುರುವಿನ ಮತವೆಂದು ಸಾರುತ್ತ ತಿರುಗುತ್ತಾನೆ. ನಮ್ಮ ಕಥಾನಾಯಕನು ಅಂಥ ಶಿಷ್ಯ. ಅವನ ಗುರುಕುಲವೆಂದರೆ ಒಂದು ಹಳೆಯ ಸಿನಿಮಾ ಮಂದಿರ.

ಅವನು ಆ ಮಂದಿರದ ಸೈಕಲ್ ಸ್ಟ್ಯಾಂಡಿನ ಕಾವಲುಗಾರ. ಬಂದವರ ಸೈಕಲ್ಲು ಸ್ಕೂಟರುಗಳನ್ನು ಸಾಲಾಗಿ ನಿಲ್ಲಿಸಿ, ಹಿತ್ತಾಳೆಯ ಬಿಲ್ಲೆ ಕೊಟ್ಟು, ಆಟ ಶುರುವಾದ ಮೇಲೆ ಒಳಕ್ಕೆ ನುಸುಳಿ, ಕೊನೆಯ ಸಾಲಿನ ಹಿಂದೆ ತನಗಾಗಿಯೇ ಇಟ್ಟಿದ್ದ ಕಾಲು ಮುರಿದ ಸ್ಟೂಲಿನ ಮೇಲೆ ಕೂರುತ್ತಿದ್ದ. ತೆರೆಯ ಮೇಲೆ 'ವಿರಾಮ' ಎಂಬ ಅಕ್ಷರ ಮೂಡಿದೊಡನೆ ಎದ್ದು ಹೊರಕ್ಕೆ ಹೋಗುತ್ತಿದ್ದ. ಅರ್ಧಕ್ಕೇ ಎದ್ದು ಹೋಗುವ ಪ್ರೇಕ್ಷಕರು ಬೇರೆಯವರ ಸೈಕಲ್ಲನ್ನು ತಮ್ಮದೆಂದು ಭ್ರಮಿಸುವ ಸಮಯ ಅದೇ ಎಂದು ಮ್ಯಾನೇಜರು ಹೇಳಿದ್ದರು. ಹೀಗೆ ಅವನ ಕೂದಲು ನರೆತಿತ್ತು. ಅವನು ನೋಡದ ಸಿನಿಮಾ ಇರಲಿಲ್ಲ. ಅವನು ನೋಡಿದ ಕೊನೆಯೂ ಇರಲಿಲ್ಲ. ಬೀದಿಯವರು ಅವನನ್ನು ವಿರಾಮಪ್ಪ ಎಂದು ಕರೆಯುತ್ತಿದ್ದರು. ಅದನ್ನು ಅವನು ಬಿರುದೆಂದೇ ತಿಳಿದಿದ್ದ.

ವಿರಾಮಪ್ಪನ ಹೆಂಡತಿ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಒಂದು ಕೋಣೆ, ಅದರ ಬೆನ್ನಿಗೆ ಅಡುಗೆಯ ಜಾಗ, ಕಿಟಕಿಯ ಪಕ್ಕ ಅವಳ ಮಂಚ. ಸಂಜೆ ಅವನು ಬಂದು, ಕೈಕಾಲು ತೊಳೆದು, ಮಂಚದ ಕಾಲಿಗೆ ಒರಗಿ ಕುಳಿತು ಆ ದಿನದ ಸಿನಿಮಾ ಹೇಳಬೇಕು. ಅವಳು ಪ್ರತಿಯೊಂದು ಮಾತಿಗೂ ಹೂಂಗುಟ್ಟಬೇಕು. ಅವಳ ಹೂಂಕಾರದಲ್ಲಿ ನಾನಾ ಬಗೆಯಿತ್ತು. ಖಳನಾಯಕ ಬಂದಾಗ ಕುಗ್ಗಿದ ಹೂಂ, ತಾಯಿ ಮಗು ಸೇರಿದಾಗ ಹಿಗ್ಗಿದ ಹೂಂ. ಯಾರಾದರೂ ಮನೆ ಬಿಟ್ಟು ಹೊರಟ ಕಡೆ ಮಾತ್ರ ಸುಮ್ಮನಿರುತ್ತಿದ್ದಳು. ವಿರಾಮದ ಆಚೆಗಿನ ಕಥೆಯನ್ನು ಅವನು ತಾನೇ ಕಟ್ಟುತ್ತಿದ್ದ. ಅವನ ಕೈಯಲ್ಲಿ ಸತ್ತ ನಾಯಕನಿಲ್ಲ, ಕೈಬಿಟ್ಟ ನಾಯಕಿಯಿಲ್ಲ, ಕುರುಡಿಯಾಗಿಯೇ ಉಳಿದ ತಂಗಿಯಿಲ್ಲ.

ಹೀಗಿರುವಲ್ಲಿ ಮಂದಿರಕ್ಕೆ ಒಂದು ವಿಚಿತ್ರ ಸಿನಿಮಾ ಬಂದಿತು. ಮುಂದೆ ಬರಲಿರುವ ಯುಗವೊಂದರಲ್ಲಿ ಗಾಜಿನ ಛಾವಣಿಯ ನಗರ. ಅಲ್ಲಿ ಒಬ್ಬ ವಿಜ್ಞಾನಿ. ಅವನ ಹೆಂಡತಿ ಸಾಯುತ್ತಾಳೆ. ಅವಳ ದನಿಯನ್ನೂ ಮಾತನ್ನೂ ಅಭ್ಯಾಸಗಳನ್ನೂ ಅವನು ಒಂದು ಪೆಟ್ಟಿಗೆಯಲ್ಲಿ ತುಂಬುತ್ತಾನೆ. ಕೊನೆಯ ತಂತಿಯನ್ನು ಜೋಡಿಸುತ್ತಾನೆ. ನೀಲಿ ದೀಪ ಮಿನುಗುತ್ತದೆ. ಪೆಟ್ಟಿಗೆಯಿಂದ ಆಕೆಯ ದನಿ: "ಬಂದೆಯಾ?" ವಿರಾಮ.

ಆ ಮಧ್ಯಾಹ್ನ ವಿರಾಮಪ್ಪ ಸ್ಟ್ಯಾಂಡಿಗೆ ಬಂದವನು ಸ್ಕೂಟರಿನವನಿಗೆ ಸೈಕಲ್ಲನ್ನೂ ಸೈಕಲ್ಲಿನವನಿಗೆ ಸ್ಕೂಟರನ್ನೂ ಕೊಟ್ಟ. ಸೈಕಲ್ಲಿನವನು ದೂರು ಹೇಳಲಿಲ್ಲ.

ಸಂಜೆ ಹೆಂಡತಿಗೆ ಕಥೆ ಹೇಳಿದ. ವಿರಾಮದವರೆಗೆ ಹೇಳಿ ನಿಲ್ಲಿಸಿದ.

"ಹೂಂ, ಆಮೇಲೆ?" ಎಂದಳು ಅವಳು.

"ಇದಕ್ಕೆ ಆಮೇಲೆ ಬೇಕಿಲ್ಲ ಇವಳೇ. ಇಲ್ಲಿಗೇ ಸರಿಹೋಯ್ತು."

ಆ ವಾರವೇ ಆಸ್ಪತ್ರೆಯ ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು, ಇನ್ನು ಹೆಚ್ಚು ದಿನ ಹಿಡಿಯುವುದಿಲ್ಲ, ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು.

"ಆಗಲಿ ತಾಯಿ. ಅದಕ್ಕೆಲ್ಲ ವ್ಯವಸ್ಥೆ ಮಾಡ್ಕೊಳ್ತಾ ಇದ್ದೀನಿ."

ಡಾಕ್ಟರಮ್ಮ ಅಂತ್ಯಕ್ರಿಯೆಯ ವ್ಯವಸ್ಥೆಯೆಂದು ತಿಳಿದು ಅವನ ಕೈ ಹಿಡಿದುಕೊಂಡರು. "ನಿಮ್ಮಷ್ಟು ಧೈರ್ಯ ಇರೋರನ್ನ ನಾನು ನೋಡಿಲ್ಲ."

ಅವನು ಮನೆಗೆ ಬಂದು, ಡಾಕ್ಟರಮ್ಮ ನನ್ನನ್ನು ಬಹಳ ಹೊಗಳಿದರು ಎಂದು ಹೆಂಡತಿಗೆ ಹೇಳಿದ. ಯಾಕಂತೆ ಎಂದಳು. ಅದು ಗೊತ್ತಾಗಲಿಲ್ಲ ಎಂದ.

ಬೀದಿಯ ತಿರುವಿನಲ್ಲಿ ರೇಡಿಯೋ ರಿಪೇರಿಯ ಅಂಗಡಿಯಿತ್ತು. ಅದರ ಒಡೆಯರನ್ನು ಎಲ್ಲರೂ ರೇಡಿಯೋ ಮೇಷ್ಟ್ರು ಎನ್ನುತ್ತಿದ್ದರು. ವೇದಾಂತಿಗಳು 'ನಾನು' ಎಂಬ ಪದವನ್ನು ಬಿಟ್ಟಂತೆ ಮೇಷ್ಟ್ರು 'ಗೊತ್ತಿಲ್ಲ' ಎಂಬ ಪದವನ್ನು ಸಂಪೂರ್ಣವಾಗಿ ತ್ಯಜಿಸಿದ್ದರು.

"ಮೇಷ್ಟ್ರೇ, ಮನುಷ್ಯರನ್ನ ತುಂಬಿಡೋ ಪೆಟ್ಟಿಗೆ ಬಂದಿದೆಯಲ್ಲ," ಎಂದ ವಿರಾಮಪ್ಪ.

"ಬಂದು ಬಹಳ ದಿನ ಆಯ್ತಲ್ಲ," ಎಂದರು ಮೇಷ್ಟ್ರು, ತಲೆಯೆತ್ತದೆ. "ಹೋದ ವಾರ ತಾನೆ ಒಂದನ್ನ ಬಿಚ್ಚಿ ಜೋಡಿಸಿದೆ."

"ಒಳಗೆ ಯಾರಿದ್ದರು?"

ಮೇಷ್ಟ್ರ ಕಣ್ಣು ಒಮ್ಮೆ ಮಾತ್ರ ಮಿಟುಕಿತು. "ಯಾರೋ ಹೆಂಗಸರು. ಪರಸ್ತ್ರೀ ಅಂತ ನಾನು ಹೆಸರು ಕೇಳಲಿಲ್ಲ."

"ಎಷ್ಟು ಮಾತು ತುಂಬಿದರೆ ಪೂರ್ತಿ ಮನುಷ್ಯ ಆಗ್ತಾರೆ?"

"ಅದು ಆಳಿನ ಮೇಲೆ ಹೋಗುತ್ತೆ. ಕೆಲವರು ಒಂದು ರೀಲಿಗೇ ಮುಗಿದು ಹೋಗ್ತಾರೆ. ಯಾರನ್ನ ತುಂಬಬೇಕಾಗಿತ್ತು?"

"ನಮ್ಮ ಮನೆಯವಳನ್ನ."

ಮೇಷ್ಟ್ರು ಆಗ ತಲೆಯೆತ್ತಿದರು. ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಅವಕಾಶ ಮನುಷ್ಯನಿಗೆ ಬಹಳ ಸಣ್ಣ ಬಾಗಿಲಿನಂತೆ ಬರುತ್ತದೆ; ಬಗ್ಗಿದರಷ್ಟೇ ಹೊರಗೆ ಹೋಗಬಹುದು. ಮೇಷ್ಟ್ರಿಗೆ ಬಗ್ಗುವ ಅಭ್ಯಾಸವಿರಲಿಲ್ಲ. ಅಟ್ಟದಿಂದ ಮರದ ಪೆಟ್ಟಿಗೆಯಂಥ ದೊಡ್ಡ ಹಳೆಯ ಟೇಪ್ ರೆಕಾರ್ಡರನ್ನು ಇಳಿಸಿ, ಧೂಳು ಕೊಡವಿ, ಮುಂದೆ ಇಟ್ಟರು.

"ತಗೊಂಡು ಹೋಗಿ. ಕೆಲಸ ಆದ ಮೇಲೆ ವಾಪಸ್ ಕೊಡಿ."

"ದೀಪ ಕೆಂಪಗಿದೆಯಲ್ಲ ಮೇಷ್ಟ್ರೇ. ನೀಲಿ ಇರಬೇಕು."

"ಹಾಗಾದ್ರೆ ನೀಲಿ ಕಾಗದ ಸುತ್ತಿಕೊಡ್ತೀನಿ," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ.

ಪೆಟ್ಟಿಗೆ ಮಂಚದ ಪಕ್ಕದ ಮುಕ್ಕಾಲಿಯ ಮೇಲೆ ಪ್ರತಿಷ್ಠಾಪನೆಯಾಯಿತು. ಕೆಮ್ಮನ್ನು ಡಾಕ್ಟರಿಗೆ ಕೇಳಿಸಬೇಕು, ಅದಕ್ಕೆ ತಂದದ್ದು ಎಂದು ಹೆಂಡತಿಗೆ ಹೇಳಿದ. ಸುಳ್ಳು ಹೇಳುವಾಗ ಅವನು ಕಿವಿ ತುರಿಸಿಕೊಳ್ಳುತ್ತಿದ್ದ. ಅವಳು ಅವನ ಕಿವಿಯನ್ನು ನೋಡಿ, ಸರಿ ಎಂದಳು.

ಅಂದಿನಿಂದ ಮನೆಯಲ್ಲಿ ಸಿನಿಮಾ ಕಥೆ ನಿಂತುಹೋಯಿತು. ತಾನು ಮಾತಾಡಿದರೆ ಅವಳ ಮಾತಿಗೆ ರೀಲಿನಲ್ಲಿ ಜಾಗ ಸಾಲದೆ ಹೋದೀತೆಂದು ಅವನಿಗೆ ಭಯ. ಗುಂಡಿ ಒತ್ತಿ, ನೀಲಿ ದೀಪವನ್ನೇ ದಿಟ್ಟಿಸುತ್ತ ಕೂರುತ್ತಿದ್ದ.

"ಮಾತಾಡು ಇವಳೇ."

"ಏನು ಮಾತಾಡಲಿ?"

"ಏನಾದರೂ. ಬೇಕಾದರೆ ಬೈ."

"ನೀವು ಏನಾದರೂ ತಪ್ಪು ಮಾಡಿದರೆ ತಾನೆ."

ಮರುದಿನ ಅವನು ಬೇಕೆಂದೇ ಹಾಲು ಉಕ್ಕಿಸಿದ. ಅಂಗಿಯನ್ನು ತಿರುಗುಮುರುಗಾಗಿ ಹಾಕಿಕೊಂಡು ಅವಳ ಮುಂದೆ ಅಡ್ಡಾಡಿದ. ಬಾಗಿಲು ತೆರೆದಿಟ್ಟು ಬೆಕ್ಕನ್ನು ಒಳಗೆ ಕರೆದ. ಅವಳು ಬೈಯುವ ಬದಲು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ಹೊತ್ತಿಗೆ ಅವನು ನೀರಿನ ಲೋಟ ಹಿಡಿದು ನಿಂತಿದ್ದ, ಅಂಗಿ ತಿರುಗುಮುರುಗಾಗಿಯೇ.

ಸುದ್ದಿಗೆ ಬೀಗ ಹಾಕುವವರುಂಟೆ? ವಿರಾಮಪ್ಪನ ಮನೆಯಲ್ಲಿ ಮನುಷ್ಯರನ್ನು ತುಂಬುವ ಪೆಟ್ಟಿಗೆ ಇದೆಯೆಂಬ ವಾರ್ತೆ ಬೀದಿಯಲ್ಲಿ ಹರಡಿತು. ಮೊದಲು ಬಂದವರು ಮಹಡಿ ಮನೆಯ ಅಜ್ಜಿ.

"ನನ್ನನ್ನೂ ಅದರೊಳಗೆ ಹಾಕಪ್ಪ. ನಾನು ಹೋದ ಮೇಲೆ ಆ ಸೊಸೆಗೆ ಹೇಳೋರು ಯಾರಿದ್ದಾರೆ? ಒಲೆ ಆರಿಸೋಕೆ ಮರೀತಾಳೆ, ನಲ್ಲಿ ನಿಲ್ಲಿಸೋಕೆ ಮರೀತಾಳೆ. ನನ್ನ ಪೆಟ್ಟಿಗೇನ ಅಡುಗೆಮನೇಲೇ ಇಡೋಕೆ ಹೇಳು."

ಅಜ್ಜಿ ಮೆಟ್ಟಿಲು ಹತ್ತಿ ಮುಗಿಸುವ ಮೊದಲೇ ಸೊಸೆ ಹಿಂದಿನ ಬಾಗಿಲಿನಿಂದ ಬಂದಳು.

"ಅಣ್ಣ, ಕೈ ಮುಗಿದು ಕೇಳ್ಕೊಳ್ತೀನಿ, ಅತ್ತೇನ ತುಂಬಬೇಡಿ. ಯಾವತ್ತಾದರೂ ಒಂದು ದಿನ ಮುಗಿಯುತ್ತೆ ಅನ್ನೋ ಧೈರ್ಯದ ಮೇಲೆ ತಾನೆ ನಾನು ಅವರನ್ನ ಇಷ್ಟು ಚೆನ್ನಾಗಿ ನೋಡ್ಕೊಳ್ತಿರೋದು?"

ವಿಜ್ಞಾನದ ಮುನ್ನಡೆಯಿಂದ ಮಾನವಕುಲಕ್ಕೆ ಹಿತವೋ ಅಹಿತವೋ ಎಂದು ವಿದ್ವಾಂಸರು ದಪ್ಪ ಗ್ರಂಥಗಳನ್ನು ಬರೆಯುತ್ತಾರೆ. ಅದರ ಸಾರವೆಲ್ಲ ಆ ಸೊಸೆಯ ಮಾತಿನಲ್ಲಿತ್ತು. ವಿರಾಮಪ್ಪನಿಗೆ ಅದು ಹೊಳೆಯಲಿಲ್ಲ.

ಮೂರನೆಯವನು ಹೆಂಡತಿಯ ತಮ್ಮ. ತೂಕ-ಅಳತೆಯ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಕ್ಕ ಹಾಸಿಗೆ ಹಿಡಿದ ಮೇಲೆ ಒಮ್ಮೆಯೂ ಬಾರದಿದ್ದವನು ಪೆಟ್ಟಿಗೆಯ ವಿಷಯ ಕೇಳಿ ಬಂದ. ಚಪ್ಪಲಿ ಬಿಡುವ ಮೊದಲೇ ಕೇಳಿದ.

"ಭಾವ, ಆಮೇಲೆ ಪೆಟ್ಟಿಗೆ ಯಾರ ಮನೇಲಿರುತ್ತೆ?"

"ಇನ್ಯಾರ ಮನೇಲಿ? ಇಲ್ಲೇ."

"ಅದು ಹೇಗಾಗುತ್ತೆ? ಅಕ್ಕ ಹುಟ್ಟಿದ್ದು ನಮ್ಮನೇಲಿ. ವರ್ಷದಲ್ಲಿ ಅರ್ಧ ಭಾಗನಾದರೂ ನಮ್ಮ ಹತ್ತಿರ ಇರಬೇಕು. ತಕ್ಕಡಿ ಅಂದ ಮೇಲೆ ಎರಡೂ ತಟ್ಟೆ ಸಮ ಇರಬೇಕು."

"ಬದುಕಿರೋವಾಗ ಒಂದು ಹೊತ್ತೂ ಕರ್ಕೊಂಡು ಹೋಗಲಿಲ್ಲವಲ್ಲೋ," ಎಂದಳು ಅಕ್ಕ, ಮಂಚದಿಂದ. "ಪೆಟ್ಟಿಗೆ ಆದರೆ ಊಟ ಹಾಕಬೇಕಾಗಿಲ್ಲ ಅಂತಾನಾ?"

ವಿರಾಮಪ್ಪ ಗಾಬರಿಯಿಂದ ಗುಂಡಿಯತ್ತ ಧಾವಿಸಿದ. ಬಹುದಿನಗಳಿಗೆ ಅವಳು ಆಡಿದ ಪೂರ್ಣ ವಾಕ್ಯ ಅದು. ಪೆಟ್ಟಿಗೆಯ ದೀಪ ಹೊತ್ತಿರಲಿಲ್ಲ. "ಇನ್ನೊಂದು ಸಲ ಹೇಳು ಇವಳೇ, ಅದನ್ನೇ ಹೇಳು," ಎಂದು ಬೇಡಿಕೊಂಡ. ತಮ್ಮನು ಒಮ್ಮೆ ಕೇಳಿದ್ದೇ ಸಾಕೆಂಬ ಮುಖ ಮಾಡಿಕೊಂಡು ಚಪ್ಪಲಿ ಮೆಟ್ಟಿದ.

ಆದರೆ ಅವನ ಪ್ರಶ್ನೆಯಿಂದ ವಿರಾಮಪ್ಪನ ತಲೆಯಲ್ಲಿ ಹೊಸ ಹುಳು ಹೊಕ್ಕಿತು. ಮರುದಿನ ಬೆಳಿಗ್ಗೆ ಜನನ-ಮರಣ ನೋಂದಣಿಯ ಕಚೇರಿಗೆ ಹೋದ. ಅಲ್ಲಿ ಎರಡು ಕಿಟಕಿಗಳು. ಎರಡಕ್ಕೂ ಒಬ್ಬರೇ ಗುಮಾಸ್ತರು, ಗಾಲಿಯ ಕುರ್ಚಿಯ ಮೇಲೆ ಕುಳಿತು ಜನನದಿಂದ ಮರಣಕ್ಕೆ ಜಾರುತ್ತಿದ್ದರು.

"ತೀರಿಕೊಂಡಿದ್ದು ಯಾರು?"

"ಯಾರೂ ಇಲ್ಲ ಸ್ವಾಮಿ."

"ಹಾಗಾದ್ರೆ ಹುಟ್ಟಿದ್ದು?"

"ಅದೂ ಇಲ್ಲ."

"ಇರೋದು ಎರಡೇ ಕಿಟಕಿ. ಮತ್ತೆ ನಿಮಗೇನು ಬೇಕು?"

"ನಡುವಿನದ್ದೊಂದು ಕೇಳೋಣ ಅಂತ ಬಂದೆ. ಒಬ್ಬರು ತೀರಿಕೊಂಡ ಮೇಲೂ ಮನೇಲಿ ಮಾತಾಡ್ತಾ ಇದ್ದರೆ, ಅವರ ಹೆಸರನ್ನ ಸತ್ತವರ ಜೊತೆ ಬರೀತೀರಾ?"

ಗುಮಾಸ್ತರು ಕನ್ನಡಕ ತೆಗೆದರು. "ಯಾರು ಮಾತಾಡೋದು?"

"ನನ್ನ ಹೆಂಡತಿ."

ಗುಮಾಸ್ತರು ಕನ್ನಡಕವನ್ನು ಒರೆಸಿದರು. "ನನ್ನ ಹೆಂಡತಿ ಬದುಕಿದ್ದೂ ಮಾತಾಡಲ್ಲ ಕಣ್ರೀ. ವರ್ಷಗಳಾದವು. ಯಾಕೆ ಜಗಳ ಆಯ್ತು ಅಂತಲೂ ಮರೆತುಹೋಗಿದೆ." ಕನ್ನಡಕ ಹಾಕಿಕೊಂಡರು. "ಮಾತಾಡೋರನ್ನ ಸತ್ತವರು ಅಂತ ಬರೆಯೋ ಅಧಿಕಾರ ನನಗಿಲ್ಲ. ಮೇಲಿನವರನ್ನ ಕೇಳಬೇಕು."

ಇಬ್ಬರೂ ಮೇಲೆ ನೋಡಿದರು. ಗುಮಾಸ್ತರು ಮಹಡಿಯಲ್ಲಿ ಕೂರುವ ಅಧಿಕಾರಿಯನ್ನು ನೆನೆದು, ವಿರಾಮಪ್ಪ ಅದಕ್ಕೂ ಮೇಲಿರುವವನನ್ನು ನೆನೆದು. ಮೇಲಿನ ಆ ಇಬ್ಬರಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ.

ವಿರಾಮಪ್ಪನಿಗೆ ಇಷ್ಟೇ ಸಾಕಾಯಿತು. ಇಲ್ಲವೆಂದು ಯಾರೂ ಹೇಳಿರಲಿಲ್ಲವಷ್ಟೆ. ಮನೆಗೆ ಬಂದವನೇ, "ನಿನ್ನ ಹೆಸರನ್ನ ಹೊಡೆದು ಹಾಕೋಕೆ ಅವರಿಂದ ಆಗಲ್ಲವಂತೆ," ಎಂದುಬಿಟ್ಟ. ಅನಂತರ ತಾನು ಹೇಳಬಾರದ್ದನ್ನು ಹೇಳಿದೆನೆಂದು ತಿಳಿದು ಕಿವಿ ತುರಿಸಿಕೊಂಡ.

ಹೆಂಡತಿ ಅವನ ಕಿವಿಯನ್ನೇ ನೋಡಿದಳು. ಅವಳ ಉಸಿರು ಆ ದಿನಗಳಲ್ಲಿ ಮೆಟ್ಟಿಲು ಹತ್ತುವವರ ಉಸಿರಿನಂತಿತ್ತು.

"ಏನ್ರೀ, ಆ ಸಿನಿಮಾ ಇನ್ನೂ ಇದೆಯಾ?"

"ಈ ವಾರ ಕೊನೆ."

"ಹಾಗಾದ್ರೆ ಹೋಗಿ, ವಿರಾಮದ ಆಚೆ ಏನಿದೆ ನೋಡ್ಕೊಂಡು ಬನ್ನಿ. ಬಂದು ನನಗೆ ಹೇಳಿ."

"ಅದಕ್ಕೆ ಆಚೆ ಇಲ್ಲ ಅಂದೆನಲ್ಲ."

"ಆಚೆ ಇಲ್ಲದ ಕಥೆ ಇರುತ್ತೇನ್ರೀ?" ಅವಳು ಮಾತು ನಿಲ್ಲಿಸಿ ಉಸಿರು ತೆಗೆದುಕೊಂಡಳು. "ಪೆಟ್ಟಿಗೆ ಬಂದ ಮೇಲೆ ಕಥೆ ಕೇಳಿಲ್ಲ. ಮಾತಾಡು ಮಾತಾಡು ಅಂತೀರಿ. ನನಗೆ ಹೂಂ ಅನ್ನೋಕೆ ಬರುತ್ತೆ, ಹೇಳೋಕೆ ಎಲ್ಲಿ ಬರುತ್ತೆ?"

ಅಂದು ವಿರಾಮಪ್ಪ ಮ್ಯಾನೇಜರ ಬಳಿ ಹೋಗಿ, ವಿರಾಮದ ಮೇಲೂ ಒಳಗೆ ಇರುತ್ತೇನೆ ಎಂದ. ಮ್ಯಾನೇಜರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು.

"ಏನಯ್ಯ, ಮೈಯಲ್ಲಿ ಹುಷಾರಿಲ್ಲವಾ?"

"ಮನೇಲಿ ಕೊನೆ ಕೇಳಿದ್ದಾರೆ ಸಾರ್."

ಬಾಗಿಲಿನ ಟಿಕೆಟ್ ಹರಿಯುವವನನ್ನು ಸ್ಟ್ಯಾಂಡಿಗೆ ನಿಲ್ಲಿಸಿದರು. ಅವನು ಬಿಲ್ಲೆಗಳನ್ನೆಲ್ಲ ಒಂದೇ ಡಬ್ಬಿಗೆ ಸುರಿದುಕೊಂಡದ್ದರಿಂದ ಅಂದು ಆಟ ಬಿಟ್ಟ ಮೇಲೆ ಹೊರಗೆ ನಡೆದದ್ದು ಬೇರೆಯೇ ಯುದ್ಧಕಾಂಡ. ಅದಕ್ಕೆ ಇಲ್ಲಿ ಎಡೆಯಿಲ್ಲ.

'ವಿರಾಮ' ಎಂಬ ಅಕ್ಷರ ಮೂಡಿ ಅಳಿಸಿಹೋಯಿತು. ವಿರಾಮಪ್ಪನ ಕಾಲುಗಳು ತಾವಾಗಿಯೇ ಎದ್ದವು. ಅವನು ಅವುಗಳನ್ನು ಕೈಯಿಂದ ಒತ್ತಿ ಕೂರಿಸಿದ. ಮತ್ತೆ ಬೆಳಕು ಬಿತ್ತು. ಸಿದ್ಧಾಂತ ಆರಂಭವಾಯಿತು.

ಗಾಜಿನ ನಗರದಲ್ಲಿ ಈಗ ಎಲ್ಲರ ಮನೆಯಲ್ಲೂ ಪೆಟ್ಟಿಗೆಗಳು. ಬೀದಿಗಳು ಖಾಲಿ. ಅಂಗಡಿಗಳು ಖಾಲಿ. ಎಲ್ಲರೂ ಒಳಗೆ ಕುಳಿತು ತೀರಿಹೋದವರೊಡನೆ ಮಾತಾಡುತ್ತಿದ್ದಾರೆ, ಇರುವವರೊಡನೆ ಮಾತಾಡುವವರಿಲ್ಲ. ವಿಜ್ಞಾನಿಯ ಪುಟ್ಟ ಮಗಳು ಜ್ವರದಲ್ಲಿ ಬಾಗಿಲಿಗೆ ಬಂದು ನಿಂತರೆ, "ಸದ್ದು ಮಾಡಬೇಡ, ಅಮ್ಮ ಮಾತಾಡ್ತಿದ್ದಾಳೆ," ಎನ್ನುತ್ತಾನೆ. ಪೆಟ್ಟಿಗೆ ಹೇಳುತ್ತದೆ: "ಬಂದೆಯಾ? ಊಟ ಮಾಡು." ಅವನು ಗೆದ್ದು ಬಂದರೂ ಅದೇ, ಸೋತು ಬಂದರೂ ಅದೇ. ಒಂದು ದಿನ ಅವನು ಅದರ ಮುಂದೆ ಮಂಡಿಯೂರಿ ಕೇಳುತ್ತಾನೆ: "ನಮ್ಮ ಮಗಳು ಎಷ್ಟು ಎತ್ತರ ಆಗಿದ್ದಾಳೆ ಗೊತ್ತಾ?" ನೀಲಿ ದೀಪ ಮಿನುಗುತ್ತದೆ. "ಬಂದೆಯಾ? ಊಟ ಮಾಡು." ಅವನು ನಿಧಾನವಾಗಿ ತಂತಿಯ ಕಡೆಗೆ ಕೈ ಚಾಚುತ್ತಾನೆ.

ಕೊನೆಯ ಸಾಲಿನ ಹಿಂದೆ ವಿರಾಮಪ್ಪ ಎದ್ದು ನಿಂತ.

"ಬೇಡ ಕಣಯ್ಯ. ಆರಿಸಬೇಡ."

ಮಂದಿರವೆಲ್ಲ ತಿರುಗಿ ನೋಡಿತು. ಮುಂದಿನ ಸಾಲಿನವನೊಬ್ಬ ನಗುತ್ತ, "ಕೂತ್ಕೊಳ್ಳಿ ಯಜಮಾನ್ರೆ. ನಾಳೆ ಮ್ಯಾಟಿನಿಗೆ ಮತ್ತೆ ಹಚ್ತಾನೆ," ಎಂದ. ಜನ ಗೊಳ್ಳೆಂದರು. ಆ ನಗುವಿನ ನಡುವೆ ತೆರೆಯ ಮೇಲೆ ನೀಲಿ ದೀಪ ಆರಿತು. ವಿಜ್ಞಾನಿ ಎದ್ದು, ಕಿಟಕಿ ತೆರೆದು, ಮಗಳ ಹಣೆಯ ಮೇಲೆ ಕೈಯಿಟ್ಟ. ಮುಗಿಯಿತು.

ವಿರಾಮಪ್ಪ ಸ್ಟ್ಯಾಂಡಿನ ಗಲಾಟೆಯ ನಡುವೆ, ಕೂಗುವವರನ್ನೂ ಅಂಗಿ ಹಿಡಿದವರನ್ನೂ ದಾಟಿ, ಯಾರನ್ನೂ ಕಾಣದವನಂತೆ ನಡೆದು ಮನೆಗೆ ಬಂದ. ರೂಢಿಯ ಬಲದಿಂದ ಗುಂಡಿ ಒತ್ತಿ, ಮೈಕು ಮೊದಲಿನಿಂದಲೂ ತನ್ನ ಕಡೆಗೇ ತಿರುಗಿರುವುದನ್ನು ಗಮನಿಸದೆ, ಮಂಚದ ಕಾಲಿಗೆ ಒರಗಿದ.

"ನೋಡಿದಿರಾ?"

"ನೋಡಿದೆ."

"ಮೊದಲಿಂದ ಹೇಳಿ."

ಅವನು ಹೇಳತೊಡಗಿದ. ಒಂದು ಗಾಜಿನ ಊರು. ಹೂಂ. ಅಲ್ಲೊಬ್ಬ ವಿಜ್ಞಾನಿ. ಹೂಂ. ಅವನಿಗೆ ಹೆಂಡತಿ ಅಂದರೆ ಪ್ರಾಣ. ಹೂಂ. ಅವಳು ಹೊರಟುಹೋದಳು. ಅವಳು ಸುಮ್ಮನಿದ್ದಳು. ಪೆಟ್ಟಿಗೆ, ತಂತಿ, ನೀಲಿ ದೀಪ, ಬಂದೆಯಾ, ವಿರಾಮ. ಅಲ್ಲಿಗೆ ರೀಲು ಮುಗಿದು, ಪೆಟ್ಟಿಗೆಯ ಚಕ್ರ ಪಟಪಟನೆ ತನ್ನಷ್ಟಕ್ಕೆ ಸುತ್ತತೊಡಗಿತು. ಯಂತ್ರವೂ ಕೊನೆಗೆ ಪೂರ್ವಾರ್ಧದ ಪಂಡಿತನೇ ಆಯಿತು.

"ಆಮೇಲೆ?"

"ಆಮೇಲೆ," ಎಂದ ವಿರಾಮಪ್ಪ. ಕಿವಿ ತುರಿಸಿಕೊಂಡ. "ಆಮೇಲೆ ಇಬ್ಬರೂ ಬಹಳ ಕಾಲ ಸುಖವಾಗಿದ್ದರು."

ಹೂಂಕಾರ ಬರಲಿಲ್ಲ.

"ಯಾಕೆ ಇವಳೇ, ಹೂಂ ಅನ್ನಲಿಲ್ಲ?"

"ಆರಿಸಿಬಿಟ್ಟನಂತಲ್ಲ."

"ಯಾರು ಹೇಳಿದರು?"

"ಟೈಲರಕ್ಕ." ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಆಕೆ, ಹೊಸ ರವಿಕೆಗಳ ವಿನ್ಯಾಸ ನೋಡಲೆಂದು ಪ್ರತಿ ಸಿನಿಮಾಕ್ಕೂ ಮೊದಲ ವಾರವೇ ಹೋಗುವವಳು. "ಯಾವಾಗಲೂ ಹೇಳ್ತಾಳೆ. ಮಧ್ಯಾಹ್ನ ಅವಳದ್ದು ಕೇಳೋದು, ಸಂಜೆ ನಿಮ್ಮದು."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀವು ಕಟ್ಟೋದನ್ನ ಬಿಟ್ಟುಬಿಡ್ತಿದ್ದಿರಿ."

"ಯಾರದ್ದು ಚೆನ್ನಾಗಿರುತ್ತಿತ್ತು?"

"ಅವಳದ್ದು ನಿಜ ಇರ್ತಿತ್ತು," ಎಂದಳು ಅವಳು. ಉಸಿರಿಗಾಗಿ ಕಾದಳು. "ನಿಮ್ಮದರಲ್ಲಿ ಎಲ್ಲರೂ ಮನೆಗೆ ಬರ್ತಿದ್ದರು."

ಚಕ್ರ ಪಟಪಟ ಎನ್ನುತ್ತಲೇ ಇತ್ತು.

"ಅದನ್ನ ಆರಿಸಿ, ಈ ಕಡೆ ತಿರುಗಿ ಕೂತ್ಕೊಳ್ಳಿ. ಎಷ್ಟು ದಿನ ಆಯ್ತು ನಿಮ್ಮ ಮುಖ ನೋಡಿ. ದೀಪದ ಕಡೇನೇ ನೋಡ್ತಿರ್ತೀರಿ."

ಅವನು ಆರಿಸಿದ. ಈ ಕಡೆ ತಿರುಗಿ ಕುಳಿತ. ಅನಂತರ ಅವರು ಏನೇನು ಮಾತಾಡಿದರೋ ಯಾರಿಗೂ ತಿಳಿಯದು. ಅದು ಎಲ್ಲಿಯೂ ದಾಖಲಾಗಲಿಲ್ಲ. ನಡುವೆ ಒಮ್ಮೆ ಅವಳು ಅವನನ್ನು, ಹಾಲು ಉಕ್ಕಿಸಿದ್ದಕ್ಕೆ, ಚೆನ್ನಾಗಿ ಬೈದಳೆಂದು ಮಾತ್ರ ಗೋಡೆಯಾಚೆ ಹೊಲಿಯುತ್ತಿದ್ದ ಟೈಲರಕ್ಕ ಮುಂದೆ ಹೇಳಿದಳು.

ಕೆಲವು ದಿನಗಳಲ್ಲಿ ಅವಳು ಹೋದಳು. ಬೆಳಿಗ್ಗೆ, ಕಿಟಕಿಯ ಬಿಸಿಲು ಮಂಚಕ್ಕೆ ಬರುವ ಹೊತ್ತಿನಲ್ಲಿ.

ನೋಂದಣಿಯ ಕಚೇರಿಯಲ್ಲಿ ಗುಮಾಸ್ತರು ಅವನನ್ನು ಕಂಡು ಗುರುತು ಹಿಡಿದರು. ಕುರ್ಚಿಯನ್ನು ಮರಣದ ಕಿಟಕಿಗೆ ತಂದು, ದನಿ ತಗ್ಗಿಸಿ ಕೇಳಿದರು.

"ಈಗಲೂ ಮಾತಾಡ್ತಾರಾ?"

"ಇಲ್ಲ ಸ್ವಾಮಿ."

ಗುಮಾಸ್ತರು ಹೆಸರು ಬರೆದುಕೊಂಡರು. ಆಮೇಲೆ ಹೇಳಿದರು: "ಆವತ್ತು ನೀವು ಬಂದು ಹೋದ ಮೇಲೆ, ಮನೆಗೆ ಹೋಗಿ ನನ್ನ ಹೆಂಡತೀನ ನಾನಾಗೇ ಮಾತಾಡಿಸಿದೆ."

"ಏನಂದರು?"

"ಬೈದಳು. ಹೊತ್ತು ಮುಳುಗೋವರೆಗೂ ಬೈದಳು."

"ಪುಣ್ಯವಂತರು," ಎಂದ ವಿರಾಮಪ್ಪ. ಅದರಲ್ಲಿ ಹಾಸ್ಯವಿರಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಬಂದವರೆಲ್ಲ ಪೆಟ್ಟಿಗೆಯ ಮಾತು ಕೇಳಬೇಕೆಂದರು. ಮಹಡಿ ಮನೆಯ ಅಜ್ಜಿ ಮುಂದೆ ಕುಳಿತರು, ಸೊಸೆ ಬಾಗಿಲಲ್ಲಿ ನಿಂತಳು, ತಮ್ಮ ಗೋಡೆಗೆ ಒರಗಿದ. ರೇಡಿಯೋ ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಬಂದು ರೀಲು ಹಾಕಿದರು. 'ಮಾತಾಡು ಇವಳೇ' ಎಂಬ ವಿರಾಮಪ್ಪನ ದನಿ. ಅವಳ ಉತ್ತರ ಏನೆಂದು ತಿಳಿಯದ ಗರಗರ. ಕೆಮ್ಮು. 'ಏನಾದರೂ ಹೇಳು.' ಮತ್ತೆ ಕೆಮ್ಮು. ಬೆಕ್ಕಿನ ಕೂಗು. ಆಮೇಲೆ ಒಂದು ಗಾಜಿನ ಊರು.

"ಇದರಲ್ಲಿ ಅಕ್ಕ ಎಲ್ಲಿದ್ದಾಳೆ?" ಎಂದ ತಮ್ಮ. "ಬರೀ ನಿಮ್ಮದೇ ಮಾತು ಭಾವ."

"ಇದ್ದಾಳೆ. ಕೇಳು."

ಅಲ್ಲೊಬ್ಬ ವಿಜ್ಞಾನಿ, ಎಂದಿತು ಪೆಟ್ಟಿಗೆ. ಬಾವಿಯ ತಳದಿಂದ ಬಂದಂತೆ, ಬಹಳ ಸಣ್ಣದಾಗಿ: ಹೂಂ.

ರೀಲು ಮುಗಿದು ಚಕ್ರ ಪಟಪಟ ಎಂದಿತು.

"ಮೇಷ್ಟ್ರೇ," ಎಂದ ವಿರಾಮಪ್ಪ, "ನಾನು ಹೊಸ ಕಥೆ ಹೇಳಿದರೆ, ಇದು ಅದಕ್ಕೂ ಹೂಂ ಅನ್ನುತ್ತಾ?"

ರೇಡಿಯೋ ಮೇಷ್ಟ್ರು ತಲೆಯೆತ್ತಿದರು. ಕನ್ನಡಕದ ಹಿಂದೆ ಅವರ ಕಣ್ಣು ತುಂಬಿತ್ತು.

"ಗೊತ್ತಿಲ್ಲ," ಎಂದರು.

ವಿರಾಮಪ್ಪ ತಾನೇ ಕೈ ಚಾಚಿ ಗುಂಡಿ ಒತ್ತಿದ. ನೀಲಿ ಕಾಗದದ ಹಿಂದಿನ ಕೆಂಪು ದೀಪ ಆರಿತು. ಎದ್ದು ಹೋಗಿ ಕಿಟಕಿ ತೆರೆದ. ಪೆಟ್ಟಿಗೆಯನ್ನು ಮೇಷ್ಟ್ರು ಎದೆಗವಚಿಕೊಂಡು, ಮಲಗಿದ ಮಗುವನ್ನು ಒಯ್ಯುವವರಂತೆ, ಮೆಲ್ಲಗೆ ಒಯ್ದರು.

ಮಂದಿರಕ್ಕೆ ಬೇರೆ ಸಿನಿಮಾ ಬಂದಿತು. ಸ್ಟ್ಯಾಂಡಿಗೆ ಇನ್ನೊಬ್ಬನನ್ನು ಹಾಕಿದ್ದೇನೆ, ಪೂರ್ತಿ ನೋಡಿಕೊಂಡು ಹೋಗಯ್ಯ ಎಂದರು ಮ್ಯಾನೇಜರು. ವಿರಾಮಪ್ಪ ಕೊನೆಯವರೆಗೂ ಕುಳಿತು ನೋಡಿದ. ಮನೆಗೆ ಬಂದು, ಕೈಕಾಲು ತೊಳೆದು, ಮಂಚದ ಕಾಲಿಗೆ ಒರಗಿದ. ಆಗ ನೆನಪಾಯಿತು. ಒರಗಿದಂತೆಯೇ ಇದ್ದ.

ಟೈಲರಕ್ಕ ಗುಂಡಿಗೆ ಕಾಜಾ ಹಾಕಬೇಕಿದ್ದ ರವಿಕೆಯನ್ನು ಹಿಡಿದುಕೊಂಡು ಹೊಸ್ತಿಲ ಬಳಿ ಬಂದು ಕುಳಿತಳು.

"ಹೇಳಿ ಅಣ್ಣ."

"ನೀನು ನೋಡಿದ್ದೀಯಲ್ಲಮ್ಮ."

"ನೋಡಿದ್ದೀನಿ. ನಿಮ್ಮ ಕೊನೆ ಹೇಗಿರುತ್ತೆ ಅಂತ ಅತ್ತಿಗೆ ದಿನಾ ಹೇಳ್ತಿದ್ದರು. ಕೇಳೋಣ ಅಂತ ಬಂದೆ."

ಅವನು ಹೇಳತೊಡಗಿದ. ಅವಳು ಸೂಜಿಯ ಮೇಲೆ ಕಣ್ಣಿಟ್ಟು ಹೂಂಗುಟ್ಟಿದಳು. ಕಥೆಯಲ್ಲಿ ಮಗ ಮನೆ ಬಿಟ್ಟು ಹೊರಟ.

"ಹೂಂ," ಎಂದಳು ಟೈಲರಕ್ಕ.

"ಅಲ್ಲಿ ಹೂಂ ಅನ್ನಬೇಡಮ್ಮ."

"ಯಾಕಣ್ಣ?"

"ಯಾರಾದರೂ ಹೊರಟಾಗ ಅವಳು ಸುಮ್ಮನಿರುತ್ತಿದ್ದಳು."

ಟೈಲರಕ್ಕ ಸುಮ್ಮನಾದಳು. ಆ ಮೌನ ಮುಗಿಯುವವರೆಗೂ ಇಬ್ಬರೂ ಕಾದರು. ಅನಂತರ ಅವನು ಕಥೆಯನ್ನು ವಿರಾಮದ ಆಚೆಗೆ ಒಯ್ದ. ಎಲ್ಲವನ್ನೂ ಕಣ್ಣಾರೆ ಕಂಡು ಬಂದಿದ್ದರೂ, ಹಳೆಯ ಹಾದಿಯನ್ನೇ ಹಿಡಿದು, ಮುಳುಗಿದ ದೋಣಿಯನ್ನು ದಡ ಹತ್ತಿಸಿದ, ಮುನಿದವರನ್ನು ಕೂಡಿಸಿದ. "ಕೊನೆಗೆ ಎಲ್ಲರೂ ಮನೆಗೆ ಬಂದರು," ಎಂದು ಮುಗಿಸಿದ.

"ಎಲ್ಲರೂನಾ?" ಎಂದಳು ಟೈಲರಕ್ಕ, ದಾರವನ್ನು ಹಲ್ಲಿನಿಂದ ಕಡಿಯುತ್ತ.

ವಿರಾಮಪ್ಪ ತಿರುಗಿ ಮಂಚದ ಕಡೆ ನೋಡಿದ.

"ಸಿನಿಮಾದಲ್ಲಿ," ಎಂದ.

ಈ ಕಥೆಯನ್ನು ಕೇಳಿದವರೆಲ್ಲರಿಗೂ ಭಗವಂತನು ಒಳಿತನ್ನು ಮಾಡಲಿ. ಯಂತ್ರಗಳು ಬರಲಿ, ಕೆಲಸಗಳು ಹಗುರಾಗಲಿ. ಆದರೆ ದೀಪವನ್ನು ನೋಡುತ್ತ ಮುಖವನ್ನು ಮರೆಯುವ ಶಾಪ ಯಾರಿಗೂ ತಟ್ಟದಿರಲಿ. ಮುನಿಸಿನಿಂದ ಮಾತು ಬಿಟ್ಟವರು ಇಂದೇ ಬೈಸಿಕೊಳ್ಳುವ ಪುಣ್ಯವಂತರಾಗಲಿ. ಹೊರಟವರಿಗೆ ದಾರಿ ಬೆಳಕಾಗಿರಲಿ. ಉಳಿದವರು ಹೇಳುವ ಕಥೆಗೆ, ಹೊಸ್ತಿಲ ಬಳಿಯಾದರೂ ಕುಳಿತು ಹೂಂ ಎನ್ನುವ ಒಂದು ಜೀವ ಪ್ರತಿಯೊಂದು ಮನೆಯಲ್ಲಿಯೂ ಇರಲಿ.